ಸೇವೆ ನಿಲ್ಲದಂತೆ ನೋಡಿಕೊಂಡವರಿಗೆ ವಂದನೆ

ನಮ್ಮ ಈ ಫೋಟೋ ಸಂಗ್ರಹದ ಜಾಲತಾಣವನ್ನು ಕಟ್ಟಿ ಬೆಳೆಸಿದವರು ತೀರಿಕೊಂಡ ಮೇಲೂ ಅದು ಬಾಗಿಲು ಹಾಕಲಿಲ್ಲ. ಡೊಮೇನ್ (ತಾಣದ ಹೆಸರು), ಸರ್ವರ್ (ತಾಣ ಓಡುವ ಕಂಪ್ಯೂಟರ್), ಬ್ಯಾಕಪ್ ಮೂರೂ ಈಗ ನಮ್ಮ ಬಳಗದ ಹೆಸರಿಗೆ ಬಂದಿವೆ. ನೆರವಾದವರಿಗೆ ಬರೀ ಧನ್ಯವಾದ ಅಂದರೆ ಸಾಲದು, ಯಾರ ಕೆಲಸದಿಂದ ಏನು ಉಳಿಯಿತು ಎಂದೂ ಹೇಳಬೇಕು.

ಮೊದಲು ಅವರ ಮನೆಯವರಿಗೆ. ದುಃಖದ ನಡುವೆಯೂ ನೀವು ಅವರ ಮೊಬೈಲ್ ನಂಬರಿಗೆ ರೀಚಾರ್ಜ್ ಮಾಡಿಸುತ್ತಾ ಬಂದಿರಿ, ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಸದೆ ಇಟ್ಟಿರಿ. ನಮ್ಮ ಲೆಕ್ಕದಲ್ಲಿ ಇವು ಸರ್ವರಿಗಿಂತ ದೊಡ್ಡ ಆಸ್ತಿ. ನಂಬರ್ ಬಂದ್ ಆದರೆ ಅವರ ಖಾತೆಗಳಿಗೆ ಬರುವ ಒಟಿಪಿ ನಿಲ್ಲುತ್ತದೆ. ಮುಂದೆ ಅದೇ ನಂಬರ್ ಬೇರೆಯವರ ಕೈ ಸೇರಿದರೆ ಒಟಿಪಿಯೂ ಅವರಿಗೇ ಹೋಗುತ್ತದೆ. ಬ್ಯಾಂಕು ಕಾರ್ಡ್ ನಿಲ್ಲಿಸುವ ಮೊದಲೇ ನಮಗೆ ತಿಳಿಸಿದ್ದೂ ದೊಡ್ಡ ಉಪಕಾರ. ಆಟೋಪೇ ತಪ್ಪಿದರೆ ಹೋಸ್ಟಿಂಗ್‌ನವರು ಮೊದಲು ಸರ್ವರ್ ನಿಲ್ಲಿಸುತ್ತಾರೆ, ಬಾಕಿ ಹಾಗೇ ಉಳಿದರೆ ಡಿಸ್ಕನ್ನೇ ಅಳಿಸುತ್ತಾರೆ.

ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಪತ್ರ, ಗುರುತಿನ ಚೀಟಿ ಹಿಡಿದು ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಬೆನ್ನುಬಿದ್ದು ಡೊಮೇನ್ ವರ್ಗ ಮಾಡಿಸಿದವರಿಗೆ ಎರಡನೆಯ ವಂದನೆ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ನವೀಕರಿಸಲು ರಿಜಿಸ್ಟ್ರಾರ್ ಕೊಡುವ ಗ್ರೇಸ್ ಹೆಚ್ಚೆಂದರೆ 45 ದಿನ, ಕೆಲವರು ಅಷ್ಟೂ ಕೊಡುವುದಿಲ್ಲ. ಅಳಿಸಿದ ಮೇಲೆ 30 ದಿನದೊಳಗೆ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ 5 ದಿನ ಯಾರೂ ಏನೂ ಮಾಡುವಂತಿಲ್ಲ, ಆಮೇಲೆ ಹೆಸರು ಮೊದಲು ಬಂದವರ ಪಾಲು. ನವೀಕರಿಸಿ ಎಂಬ ಜ್ಞಾಪನೆಗಳೆಲ್ಲ ಹೋಗುತ್ತಿದ್ದದ್ದು ಅದೇ ಡೊಮೇನಿನ ಇಮೇಲ್ ವಿಳಾಸಕ್ಕೆ! ಡೊಮೇನ್ ನಿಂತಿದ್ದರೆ ಇಮೇಲೂ ನಿಲ್ಲುತ್ತಿತ್ತು, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಬರುತ್ತಿರಲಿಲ್ಲ. ಈಗ ಸಂಪರ್ಕ ವಿಳಾಸ ಹೊರಗಿನ ಮೇಲ್ ಸೇವೆಯಲ್ಲಿದೆ, ಇಬ್ಬರು ಓದುತ್ತಾರೆ.

ಬ್ಯಾಕಪ್ ಇದೆ ಎಂದು ಸುಮ್ಮನಾಗದೆ ಅದನ್ನು ಖಾಲಿ ಸರ್ವರಿನಲ್ಲಿ ಬಿಚ್ಚಿ ನೋಡಿದ ಗೆಳೆಯರಿಗೆ ಎಷ್ಟು ಹೇಳಿದರೂ ಕಡಿಮೆ. ಡೇಟಾಬೇಸ್ ಬಂತು, ಶೀರ್ಷಿಕೆಗಳು ಬಂದವು, ಫೋಟೋ ಇರಬೇಕಾದ ಕಡೆಯೆಲ್ಲ ಖಾಲಿ ಚೌಕ. ರಾತ್ರಿಯ ಸ್ಕ್ರಿಪ್ಟು ಡೇಟಾಬೇಸ್ ಒಂದನ್ನೇ ನಕಲಿಸುವ ಪಿಜಿ‌ಡಂಪ್ ಮಾತ್ರ ಓಡಿಸುತ್ತಿತ್ತು. ಫೋಟೋಗಳಿದ್ದದ್ದು ಬೇರೆ ಫೋಲ್ಡರಿನಲ್ಲಿ. ಪಿಜಿ‌ಡಂಪ್ ಡೇಟಾಬೇಸ್ ಬಳಕೆದಾರರನ್ನೂ ತರುವುದಿಲ್ಲ, ಅದಕ್ಕೆ ಪಿಜಿ‌ಡಂಪ್‌ಆಲ್ ಬೇಕು. ಹಳೆಯ ಸರ್ವರ್ ಇನ್ನೂ ಓಡುತ್ತಿದ್ದಾಗಲೇ ಇದು ಗೊತ್ತಾದದ್ದು ಪುಣ್ಯ. ಬ್ಯಾಕಪ್ಪಿನ ಗೂಢಲಿಪಿ ಬಿಡಿಸುವ ಖಾಸಗಿ ಕೀಲಿ ಸಿಕ್ಕಿದ್ದು ಆ ಲ್ಯಾಪ್‌ಟಾಪಿನಲ್ಲೇ. ಅಂದಹಾಗೆ, ಹೊತ್ತಿಗೆ ಸರಿಯಾಗಿ ಓಡಬೇಕಾದ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನ ಪ್ರತಿ ಸಾಲಿನ ಮೇಲೂ ಅದು ಯಾಕೆ ಎಂದು ಸಂಗ್ರಹ ಕಟ್ಟಿದವರೇ ಒಂದು ಟಿಪ್ಪಣಿ ಬರೆದಿಟ್ಟಿದ್ದರು. ಆ ಶಿಸ್ತಿಗೂ ಒಂದು ನಮಸ್ಕಾರ.

ತಾಣದ ಸಂಪರ್ಕ ಸುರಕ್ಷಿತವಾಗಿಡಲು ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರದ ಆಯಸ್ಸು ಹೆಚ್ಚೆಂದರೆ 90 ದಿನ. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ಮೇಲ್ ಕಳಿಸುವುದನ್ನು ಅದನ್ನು ಕೊಡುವ ಸಂಸ್ಥೆಯವರು 2025ರ ಜೂನ್‌ನಲ್ಲಿ ನಿಲ್ಲಿಸಿದರು. ಹಾಗಾಗಿ ಅದರ ಮೇಲೆ ಬೇರೆಯೇ ಕಣ್ಣಿಡುವ ವ್ಯವಸ್ಥೆ ಮಾಡಿಕೊಟ್ಟವರಿಗೂ ಧನ್ಯವಾದ.

ಮುಖ್ಯ ಗುಪ್ತಪದವನ್ನು ಗೂಢಲಿಪಿ ತಜ್ಞ ಆದಿ ಶಮೀರ್ 1979ರಲ್ಲಿ ಕೊಟ್ಟ ವಿಧಾನದಲ್ಲಿ 5 ಪಾಲು ಮಾಡಿದ್ದೇವೆ. ಯಾವ 3 ಪಾಲು ಸೇರಿದರೂ ಅದು ಮರಳಿ ಸಿಗುತ್ತದೆ, 2ರಿಂದ ಏನೂ ತಿಳಿಯದು. ಪಾಲು ಹೊತ್ತ ಐವರಿಗೂ ಋಣಿ. ಪಾಲು ಬರೆದ ಕಾಗದ ಕಳೆದರೆ ಮುಚ್ಚಿಡಬೇಡಿ, ಹೊಸದಾಗಿ ಹಂಚೋಣ.

ಕೊನೆಗೆ ಬಳಕೆದಾರರಿಗೆ. ಸ್ಥಳಾಂತರದ ಹೊತ್ತಿನಲ್ಲಿ ನೋಡಲಷ್ಟೇ ಅವಕಾಶವಿತ್ತು, ಅಪ್‌ಲೋಡ್ ಇರಲಿಲ್ಲ, ತಾಳ್ಮೆಯಿಂದ ಕಾದಿರಿ. ಡಿಎನ್‌ಎಸ್ ಟಿಟಿಎಲ್ (ತಾಣದ ಹೆಸರಿಗೆ ಸಿಕ್ಕ ಸರ್ವರ್ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ) ಅನ್ನು ಮುಂಚೆಯೇ 86400ರಿಂದ 300 ಸೆಕೆಂಡಿಗೆ ಇಳಿಸಿದ್ದರಿಂದ ಹೆಚ್ಚಿನವರು ಬೇಗ ಹೊಸ ಸರ್ವರಿಗೆ ಬಂದರು. ಸರ್ವರಿನ ಐಪಿ ವಿಳಾಸ ಹೊಸದಾದ್ದರಿಂದ ಎಸ್‌ಪಿಎಫ್ ದಾಖಲೆ (ಯಾವ ಸರ್ವರ್ ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದು ಎಂಬ ಪಟ್ಟಿ) ತಿದ್ದಿದ್ದೇವೆ, ಆದರೂ ನಮ್ಮ ಮೇಲ್ ಕೆಲವರ ಸ್ಪ್ಯಾಮಿಗೆ ಹೋಗುತ್ತಿದೆ. ಸಿಕ್ಕರೆ ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿಬಿಡಿ.