ರೋಗಿಯನ್ನು ನೋಡಿಕೊಂಡವರಿಗೂ ರಜೆ ಬೇಕು

ಮಾನ್ಯ ಸಂಪಾದಕರೇ,

ನಾನು ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಮೂರನೇ ಸೆಮಿಸ್ಟರಿನಲ್ಲಿ ಕೂರುವುದು ಇದು ಎರಡನೇ ಸಲ. 'ಫೇಲ್ ಆಗಿದ್ದೀಯಾ?' ಎಂದು ಎಲ್ಲರೂ ಕೇಳುತ್ತಾರೆ. ಫೇಲ್ ಆಗಿಲ್ಲ. ನನಗೆ ಪರೀಕ್ಷೆ ಬರೆಯಲು ಬಿಡಲಿಲ್ಲ.

ನಮ್ಮದು ಶಹಾಬಾದ್ ತಾಲೂಕಿನ ಒಂದು ಹಳ್ಳಿ. ಅಪ್ಪ ಪರಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅಂತಾರಲ್ಲ, ಅದೇ. ಹೋದ ವರ್ಷ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದವು. ಹನ್ನೆರಡು ದಿನ ಆಸ್ಪತ್ರೆಯಲ್ಲಿ ಇದ್ದೆವು. ಮನೆಗೆ ಕಳಿಸುವಾಗ ಡಾಕ್ಟರು, ಮೊದಲ ಕೆಲವು ತಿಂಗಳು ಬಹಳ ಮುಖ್ಯ, ಕೈಕಾಲಿಗೆ ದಿನಾ ವ್ಯಾಯಾಮ ಮಾಡಿಸಿ ಎಂದರು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಎಂದೂ ಹೇಳಿದರು.

ಇದನ್ನೆಲ್ಲ ಮಾಡುವವರು ಯಾರು? ಅಣ್ಣ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ. ಅವನು ಬಿಟ್ಟು ಬಂದರೆ ಔಷಧಿಗೆ ದುಡ್ಡಿಲ್ಲ. ಅವ್ವ ಕೂಲಿಗೆ ಹೋಗಲೇಬೇಕು. ಉಳಿದವಳು ನಾನು. ಮನೆಯಲ್ಲಿ ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಓದು ಬಿಡು ಎಂದು ಯಾರೂ ಹೇಳಲೂ ಇಲ್ಲ. ಹಾಸ್ಟೆಲಿನಿಂದ ಬಟ್ಟೆಬರೆ ತಂದೆ, ಅಷ್ಟೆ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಓದು ಹೀಗೇ ನಿಂತುಹೋಗುತ್ತದೆ.

ಅಪ್ಪನ ಮುಷ್ಟಿಗೆ ರಬ್ಬರ್ ಚೆಂಡು ಕೊಡಿ ಎಂದಿದ್ದರು. ಅದು ಬಲಗೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ, ಜಾರಿ ಮಂಚದ ಕೆಳಗೆ ಉರುಳುತ್ತಿತ್ತು. ಒಂದು ದಿನ ರೊಟ್ಟಿಗೆ ನಾದಿದ ಜೋಳದ ಹಿಟ್ಟಿನಲ್ಲಿ ಒಂದು ಉಂಡೆ ಮುರಿದು ಅಂಗೈಯಲ್ಲಿ ಇಟ್ಟೆ. ಅದು ಜಾರಲಿಲ್ಲ. ಆಮೇಲೆ ದಿನಾ ಅದೇ. ಬೆರಳುಗಳನ್ನು ಒಂದೊಂದಾಗಿ ನಾನೇ ಮಡಚುತ್ತಿದ್ದೆ, ನಾನೇ ಬಿಡಿಸುತ್ತಿದ್ದೆ. ಐದು ವಾರ ಆದ ಮೇಲೆ ಒಂದು ಬೆಳಿಗ್ಗೆ, ನಾನು ಕೈ ತೊಳೆದು ಬರುವಷ್ಟರಲ್ಲಿ, ಉಂಡೆಯ ಮೇಲೆ ಮೂರು ಬೆರಳಿನ ಗುರುತು ಮೂಡಿತ್ತು. ನಾನು ಮಡಚಿದ್ದಲ್ಲ, ಅಪ್ಪನೇ ಒತ್ತಿದ್ದು. ಅವ್ವ ಆವತ್ತು ಆ ಉಂಡೆಯನ್ನು ತಟ್ಟಲಿಲ್ಲ. ಸಂಜೆವರೆಗೆ ಗೂಡಿನಲ್ಲಿ ಹಾಗೇ ಇಟ್ಟಿದ್ದಳು.

ನವೆಂಬರಿನಲ್ಲಿ ಕಾಲೇಜಿಗೆ ವಾಪಸ್ ಬಂದಾಗ ನೋಟಿಸ್ ಬೋರ್ಡಿನಲ್ಲಿ ಹಾಜರಾತಿ ಕೊರತೆಯ ಪಟ್ಟಿ ಅಂಟಿಸಿದ್ದರು. ಶೇ 75 ಬೇಕು, ನನ್ನದು ಶೇ 38. ಅಪ್ಪನ ಡಿಸ್ಚಾರ್ಜ್ ಕಾರ್ಡ್, ಸ್ಕ್ಯಾನ್ ರಿಪೋರ್ಟ್, ಔಷಧಿ ಚೀಟಿ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಹೋದೆ. ಗುಮಾಸ್ತರು ಒಳ್ಳೆಯವರೇ. ಒಂದೊಂದೇ ಕಾಗದ ತಿರುವಿ ನೋಡಿದರು. 'ಇದರಾಗ ನಿನ್ನ ಹೆಸರೇ ಇಲ್ಲಲ್ಲವ್ವಾ. ಪೇಷಂಟ್ ನೀ ಅಲ್ಲ' ಎಂದರು. ನನಗೇ ಟೈಫಾಯ್ಡ್ ಆಗಿದ್ದರೆ ಅರ್ಜಿ ಮುಂದೆ ಕಳಿಸಬಹುದಿತ್ತಂತೆ.

ಒಂದು ಸೆಮಿಸ್ಟರ್ ಹೋದರೆ ಆರು ತಿಂಗಳು ಹೋಯಿತು ಎಂದುಕೊಳ್ಳಬೇಡಿ. ಮೂರನೇ ಸೆಮಿಸ್ಟರಿನ ಕ್ಲಾಸು ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. ಮೂರು ತಿಂಗಳು ಮನೆಯಲ್ಲಿ ಇದ್ದದ್ದಕ್ಕೆ ನನ್ನ ಪೂರ್ತಿ ಒಂದು ವರ್ಷ ಹೋಯಿತು. ರಿಪೀಟರ್ ಎಂದು ಸ್ಕಾಲರ್‌ಶಿಪ್ ನಿಂತಿತು, ಹಾಸ್ಟೆಲ್ ಸೀಟೂ ಹೋಯಿತು. ಈಗ ದಿನಾ ಊರಿಂದ ಓಡಾಡುತ್ತೇನೆ. ಶಕ್ತಿ ಯೋಜನೆ ಇರುವುದರಿಂದ ಬಸ್ ಚಾರ್ಜ್ ಇಲ್ಲ. ಅದೂ ಇಲ್ಲದಿದ್ದರೆ ನಾನು ವಾಪಸ್ ಬರುತ್ತಲೇ ಇರಲಿಲ್ಲ.

ಹಾಜರಾತಿ ನಿಯಮ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಶೇ 38 ಇದ್ದವಳನ್ನು ಸುಮ್ನೆ ಪರೀಕ್ಷೆಗೆ ಕೂರಿಸಿ ಎಂದೂ ಅಲ್ಲ. ಮನೆಯವರ ಕಾಯಿಲೆಯೂ ಒಂದು ಕಾರಣ ಎಂದು ರಜೆಯ ಅರ್ಜಿಯಲ್ಲಿ ಬರೆಯಲು ಜಾಗ ಕೊಡಿ. ವರ್ಷ ಮತ್ತೆ ಓದಲೇಬೇಕು ಎಂದಾದರೆ ಓದುತ್ತೇವೆ, ಆದರೆ ಹಾಸ್ಟೆಲನ್ನೂ ಸ್ಕಾಲರ್‌ಶಿಪ್ಪನ್ನೂ ಅದೇ ವರ್ಷ ಕಸಿದುಕೊಳ್ಳಬೇಡಿ. ಮನೆಯಲ್ಲಿ ದುಡಿಯುವ ಕೈ ನಿಂತಾಗಲೇ ಅವು ಜಾಸ್ತಿ ಬೇಕಾಗುವುದು.

2021ರ ಡಿಸೆಂಬರಿನಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಓದುತ್ತಿರುವ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ ಮತ್ತು ಹಾಜರಾತಿಯಲ್ಲಿ ರಿಯಾಯಿತಿ ಸಿಗುವಂತೆ ನಿಯಮ ಮಾಡಿ ಎಂದಿತ್ತು. ಕೂಸಿನ ತಾಯಿಗೆ ಆ ದಾರಿ ಇರಬಹುದಾದರೆ, ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಂಡ ಮಗಳಿಗೂ ಇರಬಹುದು ಅಲ್ವಾ? ಸಂವಿಧಾನದಲ್ಲಿ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು ಮೀಸಲಿದೆ. ಸೀಟು ಸಿಕ್ಕವರು ನಡುವೆ ಎಲ್ಲಿ ಹೋದರು ಎಂದೂ ಯಾರಾದರೂ ಕೇಳಬೇಕು. ಸೆಪ್ಟೆಂಬರಿನಲ್ಲೇ ಒಬ್ಬ ಮೇಷ್ಟ್ರು ಫೋನ್ ಮಾಡಿ, ಯಾಕೆ ಬರುತ್ತಿಲ್ಲ ಎಂದು ಕೇಳಿದ್ದರೆ, ಸೋದರಮಾವನನ್ನು ಕರೆಸಿ ವಾರಕ್ಕೆ ಮೂರು ದಿನವಾದರೂ ಬರುತ್ತಿದ್ದೆ.

ಈಗ ನನ್ನ ಕ್ಲಾಸಿನ ಒಬ್ಬ ಹುಡುಗಿ ಎರಡು ವಾರದಿಂದ ಬಂದಿಲ್ಲ. ನಿನ್ನೆ ಫೋನ್ ಮಾಡಿದೆ. ಅವಳ ಅವ್ವನಿಗೆ ಆಪರೇಷನ್ ಆಗಿದೆ. ಆಸ್ಪತ್ರೆಯ ಕಾಗದದ ಫೋಟೊ ಕಳಿಸು, ಅರ್ಜಿ ಈಗಲೇ ಬರೆ ಎಂದಿದ್ದೇನೆ. ಸೋಮವಾರ ನಾನೇ ಅದನ್ನು ಆಫೀಸಿಗೆ ಕೊಡುತ್ತೇನೆ. ಪೇಷಂಟ್ ಅವಳಲ್ಲ ಎಂದು ಈ ಸಲ ವಾಪಸ್ ಕೊಡಬೇಡಿ.

– ಒಬ್ಬ ವಿದ್ಯಾರ್ಥಿನಿ, ಶಹಾಬಾದ್ ತಾಲೂಕು, ಕಲಬುರಗಿ ಜಿಲ್ಲೆ