ಹಲ್ಲಿಗೆ ವಿಮೆ ಇದೆಯಾ ಇಲ್ವಾ? ಶಿವಮೊಗ್ಗ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ವಿಮೆ ಕೇಂದ್ರದ ವಿಷಯ, ಹಾಗಾಗಿ ಶಾಸಕರನ್ನು ಬಿಟ್ಟು ನಿಮಗೇ ಬರೆಯುತ್ತಿದ್ದೇನೆ. ಕೇಳೋದು ಒಂದೇ. ಆರೋಗ್ಯ ವಿಮೆ ಮಾರುವ ಪ್ರತಿ ಖಾಸಗಿ ಕಂಪನಿಯೂ ಹಲ್ಲಿಗೆ ಏನು ಕೊಡುತ್ತದೆ, ಏನು ಕೊಡಲ್ಲ ಅನ್ನೋದನ್ನು ಪಾಲಿಸಿಯ ಮೊದಲನೇ ಪುಟದಲ್ಲೇ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಬೇಕು. ಇಷ್ಟು ಮಾಡಿಸಿಕೊಡಿ.

ಯಾಕೆ ಅಂತ ಹೇಳ್ತೀನಿ. ಉದ್ದ ಆಗುತ್ತೆ, ಆದ್ರೂ ಓದಿ.

ಹೋದ ಮಳೆಗಾಲದಲ್ಲಿ ಅಮ್ಮನಿಗೆ ದವಡೆ ಹಲ್ಲಿನ ನೋವು ಶುರುವಾಯಿತು. ನಮ್ಮ ಕಡೆ ಹಲ್ಲುನೋವಿಗೆಲ್ಲ ಯಾರು ಡಾಕ್ಟರ ಹತ್ರ ಓಡ್ತಾರೆ? ಲವಂಗ ಇಟ್ಟುಕೊಂಡರು, ಉಪ್ಪುನೀರು ಮುಕ್ಕಳಿಸಿದರು. ಎಲೆ ಅಡಿಕೆಯ ಕುಟ್ಟಾಣಿ ಪಕ್ಕಕ್ಕಿಟ್ಟಾಗಲೇ ನಮಗೆ ಹೆದರಿಕೆ ಆಗಿದ್ದು, ಯಾಕಂದ್ರೆ ಜ್ವರ ಬಂದರೂ ಅದನ್ನು ಬಿಟ್ಟವರಲ್ಲ. ಆಮೇಲೆ ಕೆನ್ನೆ ಊದಿತು. ಊತ ಗದ್ದದ ಕೆಳಗಿಳಿದು ಕುತ್ತಿಗೆಗೆ ಬಂತು. ಬಾಯಿ ಬೆರಳಷ್ಟೂ ತೆರೆಯಲು ಆಗುತ್ತಿರಲಿಲ್ಲ, ಚಮಚದ ತುದಿಯಲ್ಲಿ ಗಂಜಿ ತಿಳಿ ಬಿಟ್ಟರೆ ಅದೂ ಕಟವಾಯಿಯಿಂದ ಹೊರಗೆ. ರಾತ್ರಿ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ (ಅದಕ್ಕೆ ಬೇರೆ ಪತ್ರವೇ ಬೇಕು), ಪಕ್ಕದ ಮನೆಯವರ ಜೀಪಿನಲ್ಲಿ ಆ ಮಳೆಯಲ್ಲಿ ಆಯನೂರು ದಾಟಿ ಶಿವಮೊಗ್ಗ ಸೇರುವಷ್ಟರಲ್ಲಿ ಎಂಜಲು ನುಂಗೋದೂ ಕಷ್ಟ ಆಗಿತ್ತು. ಹಲ್ಲಿನ ಬೇರಿನ ಕೀವು ಕುತ್ತಿಗೆಗೆ ಇಳಿದಿದೆ, ಇನ್ನೂ ತಡ ಮಾಡಿದ್ದರೆ ಉಸಿರಿಗೇ ತೊಂದರೆ ಆಗ್ತಿತ್ತು ಅಂದರು ಡಾಕ್ಟರು. ಅಡ್ಮಿಟ್ ಮಾಡಿಕೊಂಡು, ಡ್ರಿಪ್ ಹಾಕಿ, ಕೀವು ತೆಗೆದು, ಹಲ್ಲು ಕಿತ್ತರು.

ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟಲಿ ಅಂತ ಆಸ್ಪತ್ರೆಯವರು ಕ್ಯಾಶ್‌ಲೆಸ್‌ಗೆ ಕಳಿಸಿದರು. ಕಂಪನಿಯಿಂದ ಉತ್ತರ ಬಂತು, ಇಂಗ್ಲಿಷಿನಲ್ಲಿ, ಎರಡೇ ಸಾಲು. ಮೂಲ ಕಾಯಿಲೆ ಹಲ್ಲಿನದ್ದು, ಅಪಘಾತದಿಂದ ಆದದ್ದಲ್ಲ, ಆದ್ದರಿಂದ ಕೊಡಲಾಗುವುದಿಲ್ಲ.

ಫೋನ್ ಮಾಡಿದೆ. ಕನ್ನಡ ಬರುವವರು ಸಿಗುವ ಹೊತ್ತಿಗೆ ಮೊಬೈಲ್ ಚಾರ್ಜೇ ಮುಗೀತಾ ಬಂದಿತ್ತು. ಆ ಹುಡುಗಿ ಪಾಪ ಮರ್ಯಾದೆಯಾಗೇ ಮಾತಾಡಿದಳು. "ಸರ್, ನಿಮ್ಮ ತಾಯಿ ಎಲ್ಲಾದರೂ ಬಿದ್ದಿದ್ರಾ? ಬಿದ್ದು ಹಲ್ಲಿಗೆ ಪೆಟ್ಟಾಗಿ ಅಡ್ಮಿಟ್ ಆಗಿದ್ದರೆ ಕವರ್ ಆಗ್ತಿತ್ತು" ಅಂದಳು.

ಅಂದರೆ, ಸಂಸದರೇ, ನಮ್ಮ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬೀಳಬೇಕಿತ್ತು. ಮಲೆನಾಡಲ್ಲಿ ಅದೇನು ಕಷ್ಟ ಅಲ್ಲ. ಮೊದಲೇ ಗೊತ್ತಿದ್ದರೆ ನೋಡಬಹುದಿತ್ತು.

ಆ ಬಿಲ್ಲು ಕಟ್ಟಿದ್ದು ಸಾಲ ಮಾಡಿ. ಅದೂ ಎಂಥ ಹೊತ್ತಲ್ಲಿ? ಅಡಿಕೆಗೆ ಕೊಳೆ ರೋಗ ಬಂದಿತ್ತು. ಅದಕ್ಕೆ ಬೋರ್ಡೋ ಔಷಧಿ ಹೊಡೆಯೋಕೆ ಮರ ಹತ್ತುವ ಕೊನೆಗೌಡರು ಸಿಗುತ್ತಿರಲಿಲ್ಲ, ಸಿಕ್ಕವರಿಗೆ ಕೂಲಿ ಕೈಯಲ್ಲೇ ಕೊಡಬೇಕು. ಪ್ರೀಮಿಯಂ ಕಟ್ಟುವ ಕಂತೂ ಪ್ರತಿ ವರ್ಷ ಅದೇ ತಿಂಗಳಿಗೇ ಬರುತ್ತೆ. ಒಂದು ವರ್ಷವೂ ತಪ್ಪಿಸಿಲ್ಲ. ಮಾಡಿಸಿದ ಏಜೆಂಟ್ ನಮ್ಮ ಊರಿನವನೇ, ಮೋಸಗಾರ ಅಲ್ಲ. "ಎಲ್ಲಾ ಕಾಯಿಲೆಗೂ ಬರುತ್ತೆ ಮಾರಾಯ್ರೇ" ಅಂದಿದ್ದ. ಹಲ್ಲಿನ ವಿಷಯ ಅವನಿಗೂ ಗೊತ್ತಿರಲಿಲ್ಲ. ಅದು ಇದ್ದದ್ದು ಪಾಲಿಸಿಯ ಕೊನೆ ಕೊನೆಯ ಪುಟದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ನಿಯಮ ನಿಮಗೆ ಗೊತ್ತೇ ಇರುತ್ತೆ, ಓದುವ ಉಳಿದವರಿಗಾಗಿ ಹೇಳ್ತೀನಿ. ಬಹಳಷ್ಟು ಪಾಲಿಸಿಗಳಲ್ಲಿ ಹಲ್ಲಿನ ಚಿಕಿತ್ಸೆ ಬರೋದು ಅಪಘಾತವಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ. ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು, ಇಲ್ಲಾ ಅವರ ಡೇ ಕೇರ್ (ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಗಳ) ಪಟ್ಟಿಯಲ್ಲಿ ಆ ಚಿಕಿತ್ಸೆ ಇರಬೇಕು. ಹುಳುಕು ತುಂಬಿಸೋದು, ರೂಟ್ ಕೆನಾಲ್, ಕ್ಯಾಪ್, ಹಲ್ಲುಸೆಟ್ಟು ಎಲ್ಲ ಓಪಿಡಿ, ಅಂದ್ರೆ ಅಡ್ಮಿಟ್ ಆಗದೇ ಮಾಡಿಸಿಕೊಳ್ಳುವ ಚಿಕಿತ್ಸೆಯ ಲೆಕ್ಕಕ್ಕೆ ಹೋಗುತ್ತೆ. ಶಿವಮೊಗ್ಗದ ದುರ್ಗಿಗುಡಿಯ ಯಾವ ಹಲ್ಲಿನ ಕ್ಲಿನಿಕ್ಕಿನಲ್ಲಾದರೂ ಮಂಚ ನೋಡಿದ್ದೀರಾ? ರೂಟ್ ಕೆನಾಲ್‌ಗೆ ಯಾರು ರಾತ್ರಿ ಮಲಗ್ತಾರೆ ಅಲ್ಲಿ? ಓಪಿಡಿ ಸೇರಿಸಿದ ಪಾಲಿಸಿಗಳೂ ಇವೆ, ಅದಕ್ಕೆ ಜಾಸ್ತಿ ದುಡ್ಡು, ಮೇಲೆ ಇಷ್ಟೇ ಕೊಡೋದು ಅಂತ ಮಿತಿ ಬೇರೆ.

ತಮಾಷೆ ಇನ್ನೊಂದಿದೆ. ವಿಮಾ ನಿಯಂತ್ರಕರಾದ ಐಆರ್‌ಡಿಎಐ ಹೇಳಿ, 2020ರ ಏಪ್ರಿಲ್‌ನಿಂದ ಕಂಪನಿಗಳೆಲ್ಲ ಮಾರುತ್ತಿರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ, ಆಸ್ಪತ್ರೆಗೆ ಸೇರಿದಾಗ ರೋಗದಿಂದಾಗಲಿ ಗಾಯದಿಂದಾಗಲಿ ಬೇಕಾಗುವ ಹಲ್ಲಿನ ಚಿಕಿತ್ಸೆಗೆ ಜಾಗ ಇದೆ. ಅದು ಕಡಿಮೆ ದುಡ್ಡಿನ, ಸಾದಾ ಪಾಲಿಸಿ. ನಾನು ಅದಕ್ಕಿಂತ ಜಾಸ್ತಿ ಕಟ್ಟುವ ದೊಡ್ಡ ಪಾಲಿಸಿಯಲ್ಲಿ ಅಪಘಾತ ಮಾತ್ರ! ಇದು ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಮೊದಲ ಪುಟದಲ್ಲಿ ಕನ್ನಡದಲ್ಲಿ ಇದ್ದಿದ್ದರೆ ಮೊದಲೇ ಗೊತ್ತಾಗ್ತಿತ್ತು, ಅಲ್ವಾ?

"ಗ್ರಾಹಕರ ಮಾಹಿತಿ ಪತ್ರ ಅಂತ ಇದೆಯಲ್ಲ" ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ, ಪಾಲಿಸಿಯ ಸಾರಾಂಶ ಬರೆದ ಹಾಳೆ. 2024ರ ಜನವರಿ 1ರಿಂದ ಹೊಸ ನಮೂನೆಯಲ್ಲಿ ಕೊಡಬೇಕು ಅಂತ ಆದೇಶವೂ ಇದೆ. ಗ್ರಾಹಕ ಕೇಳಿದರೆ ಅವನ ಭಾಷೆಯಲ್ಲಿ ಕೊಡಬೇಕು. ಕೇಳಿದರೆ! ಕೇಳಬಹುದು ಅಂತ ಯಾರು ಹೇಳ್ತಾರೆ? ಇಷ್ಟ ಇಲ್ಲದಿದ್ದರೆ 30 ದಿನದೊಳಗೆ ಪಾಲಿಸಿ ವಾಪಸ್ ಮಾಡಬಹುದಂತೆ. ಓದೋಕೆ ಆಗದ್ದನ್ನು ಇಷ್ಟ ಇಲ್ಲ ಅಂತ ಹೇಗೆ ಹೇಳೋದು? ಮಾರೋಕೆ ಬರುವಾಗ ಕರಪತ್ರ ಕನ್ನಡದಲ್ಲೇ ಇರುತ್ತೆ, ಬಣ್ಣಬಣ್ಣದ್ದು. ಕೊಡಲ್ಲ ಅನ್ನೋದು ಮಾತ್ರ ಇಂಗ್ಲಿಷಿನಲ್ಲಿ.

2025ರ ಸೆಪ್ಟೆಂಬರ್ 22ರಿಂದ ನಮ್ಮಂಥವರು ಸ್ವಂತಕ್ಕೆ ಮಾಡಿಸುವ ಆರೋಗ್ಯ ವಿಮೆಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ತೆಗೆದಿರಿ. ಒಳ್ಳೇದಾಯ್ತು, ಇಲ್ಲ ಅನ್ನಲ್ಲ. ಆದರೆ ಕಟ್ಟುವ ದುಡ್ಡಿಗೆ ಏನು ಸಿಗುತ್ತೆ ಅಂತ ಗೊತ್ತಾಗಬೇಕಲ್ಲ. ರಾಜ್ಯ ಸರ್ಕಾರದ್ದಂತೂ ಇನ್ನೂ ಚೆಂದ. 2014ರಿಂದ ದಂತ ಭಾಗ್ಯ ಯೋಜನೆ ಇದೆ, ವಯಸ್ಸಾದ ಬಿಪಿಎಲ್ ಕಾರ್ಡಿನವರಿಗೆ ಹಲ್ಲು ಉದುರಿದ ಮೇಲೆ ಪುಕ್ಕಟೆ ಹಲ್ಲುಸೆಟ್ಟು. ಉದುರೋವರೆಗೆ ಕಾಯಬೇಕು ಅಷ್ಟೇ. ನಮ್ಮದು ಎಪಿಎಲ್, ಕಾದರೂ ಇಲ್ಲ.

ನಮ್ಮ ಕ್ಲೇಮಿನ ಬಗ್ಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರು ವಿಚಾರಿಸುವ ಅಧಿಕಾರಿ) ದೂರು ಹಾಕಿದ್ದೇನೆ. ಅದು ಅದರ ಪಾಡಿಗೆ ನಡೀಲಿ. ಅದಕ್ಕೆ ಶಿಫಾರಸು ಕೇಳೋಕೆ ಈ ಪತ್ರ ಅಲ್ಲ. ಎಲ್ಲ ಹಲ್ಲಿಗೂ ದುಡ್ಡು ಕೊಡಿಸಿ ಅಂತಲೂ ಕೇಳ್ತಿಲ್ಲ. ಕೊಡದಿದ್ದರೆ ಕೊಡಲ್ಲ ಅಂತ ಮೊದಲೇ ಹೇಳಲಿ. ಮೊದಲನೇ ಪುಟದಲ್ಲಿ. ಕನ್ನಡದಲ್ಲಿ. ಕೇಳದೇನೇ.

ಮುಂದಿನ ಅಧಿವೇಶನದಲ್ಲಿ ಹಣಕಾಸು ಸಚಿವರಿಗೆ ಇದನ್ನೊಂದು ಲಿಖಿತ ಪ್ರಶ್ನೆಯಾಗಿ ಹಾಕಿ. ಬಂದ ಉತ್ತರವನ್ನು ನಿಮ್ಮ ಫೇಸ್‌ಬುಕ್ಕಿನಲ್ಲಿ ಹಾಕಿ, ದಯವಿಟ್ಟು ಕನ್ನಡದಲ್ಲಿ.

ಇಂತಿ,
ರಿಪ್ಪನ್‌ಪೇಟೆ ಕಡೆಯ ಒಬ್ಬ ಅಡಿಕೆ ಬೆಳೆಗಾರ, ನಿಮ್ಮ ಮತದಾರ