ಚೌಕಟ್ಟು ಒಂದೇ, ಕೈ ಬೇರೆ

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕ್ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆ, ವಿದ್ಯುತ್ ಗಿಟಾರಿನೊಂದಿಗೆ) ಆಲ್ಬಮ್‌ಗಳ ಮಾತು ಬಂದರೆ ‘ಎಲ್ಲ ಹಾಡೂ ಒಂದೇ ಥರ’ ಎಂಬ ದೂರು ಹಿಂದೆಯೇ ಬರುತ್ತದೆ. ದೂರು ಸುಳ್ಳೇನಲ್ಲ. ಹೆಚ್ಚಿನವು ಹನ್ನೆರಡು ಬಾರ್‌ಗಳ (ಸಾಮಾನ್ಯವಾಗಿ ನಾಲ್ಕೆಣಿಕೆಯ ಆವರ್ತಗಳ) ಚೌಕಟ್ಟಿನ ಹಾಡುಗಳೇ: ಷಡ್ಜದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಮೇಲೆ ನಾಲ್ಕು, ಮಧ್ಯಮಕ್ಕೆ ಎರಡು, ಮತ್ತೆ ಷಡ್ಜಕ್ಕೆ ಎರಡು, ಪಂಚಮ, ಮಧ್ಯಮ ಒಂದೊಂದು, ಕೊನೆಗೆ ಷಡ್ಜಕ್ಕೆ ಎರಡು. ಸಾಹಿತ್ಯದ ಪ್ರತಿ ಸಾಲಿಗೆ ನಾಲ್ಕು ಬಾರ್ ಸಿಕ್ಕರೂ ಹಾಡುಗಾರ ಸುಮಾರು ಎರಡರಲ್ಲೇ ಮುಗಿಸುತ್ತಾನೆ. ಉಳಿದ ಜಾಗ ಗಿಟಾರಿನದು. ದಾರಿ ಮೊದಲೇ ಗೊತ್ತಿರುವುದರಿಂದಲೇ ಕಿವಿ ಆ ಜಾಗಕ್ಕೆ ಕಾಯುತ್ತದೆ.

ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರ ‘ಲೈವ್ ಅಟ್ ದಿ ರೀಗಲ್’ (1964ರ ನವೆಂಬರ್‌ನಲ್ಲಿ ಶಿಕಾಗೊದಲ್ಲಿ ಧ್ವನಿಮುದ್ರಣ) ಕೇಳಿ. ಹಾಡುವಾಗ ಅವರ ಗಿಟಾರ್ ಸುಮ್ಮನಿರುತ್ತದೆ. ಸಾಲು ಮುಗಿದೊಡನೆ ನಾಲ್ಕಾರು ಸ್ವರಗಳಲ್ಲಿ ಉತ್ತರ ಕೊಡುತ್ತದೆ. ವೇಗಕ್ಕೆ ಇಲ್ಲಿ ಕೆಲಸವೇ ಇಲ್ಲ.

ಕೆಲಸವೆಲ್ಲ ತಂತಿ ಎಳೆಯುವುದರಲ್ಲಿ. ಬ್ಲೂಸಿನ ಗಾಂಧಾರ ಸಾಧಾರಣವೂ (ತಗ್ಗಿನದು) ಅಲ್ಲ, ಅಂತರವೂ (ಎತ್ತರದ್ದು) ಅಲ್ಲ, ನಡುವೆ ಎಲ್ಲೋ ಇದೆ. ಸಾಧಾರಣ ಗಾಂಧಾರದ ಮನೆಯಲ್ಲಿ (ಫ್ರೆಟ್) ಬೆರಳಿಟ್ಟು ತಂತಿಯನ್ನು ಸ್ವಲ್ಪವೇ ತಳ್ಳಬೇಕು. ಅಂತರದವರೆಗೂ ತಳ್ಳಿಬಿಟ್ಟರೆ ನೋವು ಹೋಗಿ ಬರೀ ಸಿಹಿ ಉಳಿಯುತ್ತದೆ. ಕಲಿಯುವವರು ಎಡವುವುದು ಬಹುಪಾಲು ಇಲ್ಲೇ. ಇನ್ನೊಬ್ಬ ಬ್ಲೂಸ್ ಗಿಟಾರ್ ವಾದಕ ಆಲ್ಬರ್ಟ್ ಕಿಂಗ್ ಎಡಚರು. ಬಲಗೈಯವರ ಗಿಟಾರನ್ನೇ ತಂತಿ ಬದಲಿಸದೆ ತಿರುಗಿಸಿ ಹಿಡಿಯುತ್ತಿದ್ದುದರಿಂದ ಸಣ್ಣ ತಂತಿಗಳು ಮೇಲಿರುತ್ತಿದ್ದವು. ಉಳಿದವರು ಮೇಲಕ್ಕೆ ತಳ್ಳುವುದನ್ನು ಅವರು ಕೆಳಕ್ಕೆ ಜಗ್ಗುತ್ತಿದ್ದರು. 1967ರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ನಲ್ಲಿ ಸ್ವರ ಅಷ್ಟು ದೂರ ಏರುವುದರ ಒಂದು ಗುಟ್ಟು ಇದು. ಸ್ಟೀವಿ ರೇ ವಾನ್ ಅವರದು ಇನ್ನೊಂದು ದಾರಿ: ಮೊದಲ ತಂತಿಯೇ 0.013 ಇಂಚು ದಪ್ಪ (ಸಾಮಾನ್ಯವಾಗಿ 0.009 ಅಥವಾ 0.010), ಬಿಗಿ ಸಡಿಲಿಸಲು ಶ್ರುತಿ ಅರ್ಧ ಸ್ವರ ಕೆಳಗೆ. ಬೆರಳಿನ ಗತಿ ದೇವರೇ ಬಲ್ಲ.

ಇನ್ನು ಆಂಪ್ಲಿಫೈಯರ್. ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಇರುವ ಆಂಪ್‌ನ ವಾಲ್ಯೂಮ್ ಏರಿಸಿದಂತೆ ಅಲೆಯ ತುದಿಗಳನ್ನು ವಾಲ್ವ್‌ಗಳು ತಾಳಲಾರದೆ ಚಪ್ಪಟೆ ಮಾಡುತ್ತವೆ. ಹೊಸ ಉಪಸ್ವರಗಳು ಹುಟ್ಟಿ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. 1966ರಲ್ಲಿ ಬ್ರಿಟನ್ನಿನ ಜಾನ್ ಮೆಯಾಲ್ ತಂಡದ ಆಲ್ಬಮ್‌ಗೆ ಎರಿಕ್ ಕ್ಲಾಪ್ಟನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಕಾಂಬೊ (ಸ್ಪೀಕರ್ ಒಳಗೇ ಇರುವ) ಆಂಪ್‌ಗೆ ಜೋಡಿಸಿ, ಸ್ಟುಡಿಯೊದಲ್ಲೂ ವೇದಿಕೆಯಷ್ಟೇ ಜೋರಾಗಿ ನುಡಿಸುವೆನೆಂದು ಪಟ್ಟು ಹಿಡಿದರು. ಆ ಒರಟುತನ ಬಂದದ್ದು ಹಾಗೆ. ಹೀಗಿರುವ ಆಂಪ್‌ನಲ್ಲಿ ಮೆಲ್ಲಗೆ ಮೀಟಿದರೆ ಸ್ವರ ತಿಳಿ, ಬಲವಾಗಿ ಮೀಟಿದರೆ ಗುರುಗುಟ್ಟುತ್ತದೆ. ಡಿಸ್ಟಾರ್ಷನ್ ಪೆಡಲ್‌ನ (ನಾದ ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಗೇನ್ (ಒರಟುತನದ ಮಟ್ಟ) ಪೂರ್ತಿ ಏರಿಸಿದವರಿಗೆ ಈ ವ್ಯತ್ಯಾಸವೇ ಸಿಗುವುದಿಲ್ಲ, ಮೆಲ್ಲಗೂ ಜೋರಿಗೂ ಒಂದೇ ಗದ್ದಲ. ಗೇನ್ ಅರ್ಧಕ್ಕಿಂತ ಕೆಳಗಿಟ್ಟು, ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಹತ್ತರಲ್ಲಿ ಏಳೆಂಟರ ನಡುವೆ ಆಡಿಸಿದರೆ ಸಾಕಷ್ಟು ಸರಿಹೋಗುತ್ತದೆ.

ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡುವವರಿಗೆ ಒಂದು ಮಾತು: ಅದರಲ್ಲಿ ಬೇಸ್ (ತಗ್ಗಿನ ನಾದ) ಸರಿಯಾಗಿ ಬರುವುದಿಲ್ಲ. ಆಲ್ಬರ್ಟ್ ಕಿಂಗ್ ಅವರ ಹಿಂದೆ ಡಕ್ ಡನ್ ಅವರ ಬೇಸ್ ಗಿಟಾರ್, ಅಲ್ ಜಾಕ್ಸನ್ ಅವರ ಡ್ರಮ್ಸ್ ಇಲ್ಲದಿದ್ದರೆ ಗಿಟಾರ್ ಯಾವುದಕ್ಕೆ ಒರಗಿ ನಿಲ್ಲಬೇಕು?

ಆಲ್ಬಮ್ ವಿಮರ್ಶೆ ಪ್ರಕಟಿಸುವಾಗ ಗಿಟಾರ್, ಆಂಪ್, ಧ್ವನಿಮುದ್ರಣವಾದ ವರ್ಷ, ಜೊತೆಗೆ ನುಡಿಸಿದವರ ಹೆಸರು ಇಷ್ಟನ್ನು ಒಂದು ಪುಟ್ಟ ಬಾಕ್ಸ್‌ನಲ್ಲಿ ಕೊಡಬೇಕೆಂದು ಕೋರಿಕೆ. ‘ಮನಮುಟ್ಟುವ’, ‘ಅದ್ಭುತ’ ಎಂಬ ಪದಗಳನ್ನು ತೆಗೆದರೆ ಅದಕ್ಕೆ ಬೇಕಾದ ಜಾಗ ಸಿಗುತ್ತದೆ.

ಇಂತಿ,
ಬ್ಲೂಸ್ ಕೇಳುಗರು